ಬೇಲಿಯಾಚೆಯ ಪ್ರಿಟೋರಿಯಾ

ಮೋರ್ಲಿ, ಮೊದಲ ವಾರ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವರು ಕಾಂಗರೂ ಕಥೆ ಹೇಳುತ್ತಾರೆ. ನನ್ನ ಹತ್ತಿರ ಕಾಂಗರೂ ಕಥೆ ಇಲ್ಲ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಎಂದು ಏಳು ವಾರ ಸುತ್ತಿ ನಾನು ತಲೆಯಲ್ಲಿ ತುಂಬಿಕೊಂಡು ಬಂದದ್ದು ದಕ್ಷಿಣ ಆಫ್ರಿಕದ ಪ್ರಿಟೋರಿಯಾವನ್ನು. ಆ ಊರಿಗೆ ನಾನು ಕಾಲಿಟ್ಟವಳಲ್ಲ, ಇನ್ನು ಇಡುವವಳೂ ಅಲ್ಲ. ಇದಕ್ಕೆಲ್ಲ ಕಾರಣ ಹೊಟ್ಟೆಕಿಚ್ಚು. ಅರವತ್ತಮೂರು ವರ್ಷದ ಹೆಂಗಸು, ಅದರಲ್ಲೂ ಮೂವತ್ತನಾಲ್ಕು ವರ್ಷ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಪಾಠ ಮಾಡಿದವಳು, ಹೀಗೆ ಬರೆದುಕೊಳ್ಳುವುದು ಮರ್ಯಾದೆಯಲ್ಲ. ಆದರೆ ಅದನ್ನು ಬಿಟ್ಟರೆ ಈ ಪ್ರವಾಸದಲ್ಲಿ ಹೇಳುವಂಥದ್ದೇನೂ ಉಳಿಯುವುದಿಲ್ಲ.

ಮಗಳು ಮೇಧಾ ಪರ್ತಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ಗಣಿಯಲ್ಲಿ ಇಂಜಿನಿಯರು. ಎರಡು ವಾರ ದೂರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಮೊಮ್ಮಗಳು ಇಂಚರಾಗೆ ಹತ್ತು ವರ್ಷ. ನಾನು ಹೋದದ್ದೇ ಅವಳಿಗಾಗಿ. "ಅಮ್ಮಾ, ನಿನ್ ಭೂಗೋಳ ಎಲ್ಲಾ ಬಂದು ಅವಳಿಗ್ ಹೇಳ್ಕೊಡು. ಇಲ್ದಿದ್ರೆ ಬರೀ ಐಪ್ಯಾಡ್ ನೋಡ್ಕೊಂಡ್ ಕೂತಿರ್ತಾಳೆ" ಎಂದು ಮೇಧಾ ಫೋನಿನಲ್ಲಿ ಹೇಳಿದ್ದೇ ತಡ, ನಾನು ಗ್ಲೋಬನ್ನು ಹಳೆಯ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ತುರುಕಿದೆ. ಮೊಣಕಾಲು ನೋವಿನ ನಮ್ಮ ಯಜಮಾನರು ಊರಲ್ಲೇ ಉಳಿದರು.

ಮೂರನೆಯ ದಿನವೇ ದಾರಿ ತಪ್ಪಿದೆ. ಮೇಧಾ ಇರುವ ಪರ್ತಿನ ಬಡಾವಣೆ ಮೋರ್ಲಿಯ ದೊಡ್ಡ ಶಾಪಿಂಗ್ ಸೆಂಟರು ಅವಳ ಮನೆಯಿಂದ ನೇರ ಉತ್ತರಕ್ಕೆ ಹದಿನೈದು ನಿಮಿಷದ ನಡಿಗೆ. ಹೋಗುವಾಗ ತೊಂದರೆಯಾಗಲಿಲ್ಲ. ವಾಪಸು ಹೊರಟಾಗ ಮಧ್ಯಾಹ್ನವಾಗಿತ್ತು, ಫೋನು ಮನೆಯಲ್ಲೇ ಇತ್ತು. ಅದಕ್ಕೇನು, ಮನೆ ದಕ್ಷಿಣಕ್ಕಿದೆ, ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಅವನತ್ತ ಮುಖಮಾಡಿ ನಡೆದರಾಯಿತು ಎಂದುಕೊಂಡೆ. ಮೈಸೂರಿನಲ್ಲಿ ವರ್ಷದ ಬಹುಪಾಲು ಹಾಗೇ ತಾನೆ. ಅರ್ಧ ಗಂಟೆ ನಡೆದೆ. ಮುಕ್ಕಾಲು ಗಂಟೆ ನಡೆದೆ. ಎಲ್ಲ ಮನೆಗಳೂ ಒಂದೇ ಥರ, ಬೀದಿಯಲ್ಲಿ ಕೇಳೋಣವೆಂದರೆ ಒಂದು ನರಪಿಳ್ಳೆ ಇಲ್ಲ. ಗೂಡು ಕಟ್ಟಿದ್ದ ಕಪ್ಪುಬಿಳುಪಿನ ಹಕ್ಕಿಯೊಂದು ಮರದಿಂದ ಇಳಿದು ಬಂದು ನನ್ನ ತಲೆಗೆ ಕುಕ್ಕಿ ಹೋಯಿತು. ಕೊನೆಗೊಂದು ಪೆಟ್ರೋಲ್ ಬಂಕಿನ ಮುಂದೆ ಕೈಚೀಲ ಇಟ್ಟು ನಿಂತುಬಿಟ್ಟೆ.

ಆಗ ಬಿಳಿ ಕಾರೊಂದು ಪಕ್ಕಕ್ಕೆ ಬಂದು ನಿಂತಿತು. ಸ್ಟಿಯರಿಂಗ್ ಹಿಂದೆ ಎಪ್ಪತ್ತು ದಾಟಿದ, ನಮ್ಮದೇ ಬಣ್ಣದ ಒಬ್ಬ ಹೆಂಗಸು. ಗಿಡ್ಡ ಕೂದಲು, ಪ್ಯಾಂಟು, ಕಿವಿಯಲ್ಲಿ ಕೆಂಪು ಹರಳಿನ ಓಲೆ. "ಮೇಧಾ ಅವರ ತಾಯಿ ಅಲ್ಲವಾ? ನಾನು ನಿಮ್ಮ ಪಕ್ಕದ ಮನೆಯವಳು, ರೂಬಿ" ಎಂದರು. ಅವರು ಆಡುವುದು ಇಂಗ್ಲಿಷು. ಇಲ್ಲಿ ನನಗೆ ತಿಳಿದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾರು ಹತ್ತಿದ ಮೇಲೆ ನಾನು ಸೂರ್ಯನ ವಿಷಯ ಹೇಳಿದೆ. ಹೇಳಬಾರದಿತ್ತು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಲ್ಲಿ ಸೂರ್ಯ ಉತ್ತರದಲ್ಲಿ ಹೋಗುತ್ತಾನಲ್ಲ! ನಾನು ಪ್ರಿಟೋರಿಯಾದವಳು, ನನಗೆ ಆ ಕಷ್ಟವೇ ಆಗಲಿಲ್ಲ. ಅಲ್ಲಿಯೂ ಇದೇ ಸೂರ್ಯ."

ಮಕರ ಸಂಕ್ರಾಂತಿ ವೃತ್ತದಿಂದ ಕೆಳಗಿನ ಊರುಗಳಿಗೆ ಸೂರ್ಯ ಸದಾ ಉತ್ತರದಲ್ಲಿ ಕಾಣುತ್ತಾನೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದೂ ಬರೆದೂ ಕೈ ಸವೆಸಿದವಳು ನಾನು. ಅದನ್ನು ನನಗೇ ಹೇಳಿಕೊಟ್ಟ ಹಾಗಾಯಿತು. ಅಷ್ಟರಲ್ಲಿ ಮನೆ ಬಂತು. ಇಂಚರಾ ಓಡಿ ಬಂದವಳು ನನ್ನ ಕಡೆ ನೋಡಲೇ ಇಲ್ಲ, "ಗ್ರ್ಯಾನಿ ರೂಬಿ!" ಎಂದು ಆ ಹೆಂಗಸಿನ ಸೊಂಟ ತಬ್ಬಿಕೊಂಡಳು. ನನ್ನ ಮೈಯೆಲ್ಲ ಉರಿದುಹೋಯಿತು.

ಬೇಲಿಯ ಸಂದು

ಎರಡು ಮನೆಗಳ ನಡುವೆ ಆಳೆತ್ತರದ ತಗಡಿನ ಬೇಲಿಯಿದೆ. ಕಳೆದ ಗಾಳಿಮಳೆಗೆ ಅದರ ಒಂದು ತಗಡು ಕಿತ್ತುಹೋಗಿ ಒಬ್ಬರು ತೂರುವಷ್ಟು ಸಂದಾಗಿತ್ತು. ಎರಡೂ ಮನೆಯವರು ಅದನ್ನು ರಿಪೇರಿ ಮಾಡಿಸಿರಲಿಲ್ಲ. ಇಂಚರಾ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಅದರೊಳಗೆ ನುಸುಳುತ್ತಿದ್ದಳು. ನಾನು ಅಕ್ಕಿರೊಟ್ಟಿ ತಟ್ಟಿ ಕೂತಿದ್ದರೆ ಬೇಲಿಯಾಚೆಯಿಂದ ನಗು ಕೇಳುತ್ತಿತ್ತು. "ಪಾಪ ಅಮ್ಮಾ, ರೂಬಿ ಆಂಟಿ ಒಬ್ರೇ ಇರೋದು. ಮಗ ಇಲ್ಲಿದ್ದೋನು ಈಗ ಸಿಡ್ನಿಲಿದಾನೆ. ನಂಗೆ ನೈಟ್ ಡ್ಯೂಟಿ ಬಿದ್ದಾಗ ಇವಳನ್ನ ನೋಡ್ಕೊಳೋದೇ ಅವ್ರು" ಎಂದಳು ಮೇಧಾ. ಇದನ್ನು ಕೇಳಿ ನನಗೆ ಕೃತಜ್ಞತೆ ಬರಬೇಕಿತ್ತು. ಬರಲಿಲ್ಲ.

ಅದೇ ವಾರ ಇಂಚರಾಳ ಶಾಲೆಯಿಂದ ಒಂದು ಚೀಟಿ ಬಂತು. ಜಗತ್ತಿನ ಯಾವುದಾದರೊಂದು ರಾಜಧಾನಿಯನ್ನು ಆರಿಸಿಕೊಂಡು ಅದರ ಇತಿಹಾಸ, ಭೂಗೋಳ ಬರೆದು, ರಜೆ ಮುಗಿದ ಮೇಲೆ ತರಗತಿಯಲ್ಲಿ ಎಲ್ಲರೆದುರು ಹೇಳಬೇಕು. ಹೇಳುವ ದಿನ ಪ್ರತಿ ಮಗುವೂ ಮನೆಯ ಒಬ್ಬ ಹಿರಿಯರನ್ನು ಕರೆತರಬಹುದು. ಒಬ್ಬರನ್ನು ಮಾತ್ರ.

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇತಿಹಾಸ, ಭೂಗೋಳ! ಅಂದು ನಾನು ಉಡುವ ಸೀರೆಯೂ ಮನಸ್ಸಿನಲ್ಲಿ ಗೊತ್ತಾಗಿಹೋಯಿತು. ಗ್ಲೋಬು ಮೇಜಿನ ಮೇಲಿಟ್ಟು, "ದೆಹಲಿ ತಗೋ ಇಂಚು. ಏಳು ಸಲ ಕಟ್ಟಿದ ಊರು, ಅಜ್ಜಿ ಎಲ್ಲಾ ಹೇಳ್ಕೊಡ್ತೀನಿ" ಎಂದೆ.

ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಬಟ್ ಅಜ್ಜಿ, ಐ ಡೋಂಟ್ ನೋ ಎನಿವನ್ ಫ್ರಮ್ ಡೆಲ್ಲಿ. ಐಯಾಮ್ ಡೂಯಿಂಗ್ ಪ್ರಿಟೋರಿಯಾ."

ಊರಿನ ಬಗ್ಗೆ ಬರೆಯಲು ಆ ಊರಿನವರು ಯಾರಾದರೂ ಗೊತ್ತಿರಬೇಕು ಎಂಬ ನಿಯಮವನ್ನು ನಾನು ಕೇಳಿರಲಿಲ್ಲ. ಆ ಲೆಕ್ಕದಲ್ಲಿ ನಾನು ಮೂವತ್ತನಾಲ್ಕು ವರ್ಷ ಮೈಸೂರು ಬಿಟ್ಟು ಬೇರೇನನ್ನೂ ಕಲಿಸುವ ಹಾಗೇ ಇರಲಿಲ್ಲ. ಆದರೂ ಬಿಡಲಿಲ್ಲ. ದಕ್ಷಿಣ ಆಫ್ರಿಕಕ್ಕೆ ಮೂರು ರಾಜಧಾನಿ, ಆಡಳಿತಕ್ಕೆ ಪ್ರಿಟೋರಿಯಾ, ಶಾಸನಸಭೆಗೆ ಕೇಪ್‌ಟೌನ್, ನ್ಯಾಯಾಲಯಕ್ಕೆ ಬ್ಲೂಮ್‌ಫಾಂಟೇನ್ ಎಂದು ಶುರುಮಾಡಿದೆ. ಬೋಯರರೆಂಬ ಡಚ್ ಮೂಲದ ರೈತರು ಕರಾವಳಿಯ ಇಂಗ್ಲಿಷರ ಆಳ್ವಿಕೆ ಒಲ್ಲದೆ ಎತ್ತಿನಗಾಡಿ ಕಟ್ಟಿಕೊಂಡು ಒಳನಾಡಿಗೆ ಬಂದದ್ದು, ಅವರ ನಾಯಕನೊಬ್ಬ ಊರು ಕಟ್ಟಿ ಅದಕ್ಕೆ ತನ್ನ ತಂದೆಯ ಹೆಸರಿಟ್ಟದ್ದು, ಆಮೇಲೆ ಇಂಗ್ಲಿಷರೇ ಬಂದು ಅದನ್ನು ಗೆದ್ದದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಇಂಚರಾ ಎರಡು ಸಾಲು ಬರೆದುಕೊಂಡು ಆಕಳಿಸಿದಳು. ಬೇಲಿಯಾಚೆಯಿಂದ ಬಂದಾಗ ಅವಳ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ತುಂಬಿತ್ತು. ಊರಿನ ಉತ್ತರಕ್ಕೆ ಬೆಟ್ಟದ ಸಾಲು ಗೋಡೆಯ ಹಾಗಿರುವುದರಿಂದ ಚಳಿಗಾಲವೂ ಬೆಚ್ಚಗಿರುತ್ತದಂತೆ. ಊರ ನದಿಗೆ ಕೋತಿಮರಿಗಳ ಹೆಸರಂತೆ. ಅದನ್ನು ಹಿಡಿದು ಸಿಮೆಂಟಿನ ಕಾಲುವೆಯಲ್ಲಿ ಕೂಡಿಹಾಕಿದ್ದಾರಂತೆ. ಬೇಸಿಗೆಯಲ್ಲಿ ಗಡಿಯಾರ ನೋಡಿದ ಹಾಗೆ ದಿನಾ ಮಧ್ಯಾಹ್ನ ಗುಡುಗು ಬಂದು, ರೂಬಿಯ ಅಮ್ಮ ಒಣಗಲು ಹಾಕಿದ ಹಪ್ಪಳ ಎತ್ತಲು ಓಡುತ್ತಿದ್ದರಂತೆ.

ಹಪ್ಪಳ ಎಂದಾಗ ನಾನು ಕಿವಿ ನಿಮಿರಿಸಿದೆ. ರೂಬಿ ತಮಿಳರ ಮೊಮ್ಮಗಳು. ತಾತನ ಕಾಲದಲ್ಲಿ ಹಡಗು ಹತ್ತಿ ಹೋದ ಕುಟುಂಬ. ಒಂದಕ್ಷರ ತಮಿಳು ಬರುವುದಿಲ್ಲ, ಆದರೆ ಅವರ ಮನೆಯ ಸಾರಿನ ಪರಿಮಳ ಬೇಲಿ ದಾಟಿ ಬಂದು ನನ್ನ ಮೂಗಿಗೆ ಬಡಿಯುತ್ತಿತ್ತು. ಸಾರೂ ಚೆನ್ನಾಗಿತ್ತು, ಅದು ಇನ್ನೊಂದು ಸಂಕಟ.

ಒಂದು ಸಂಜೆ ನಾನೂ ಸಂದಿನಲ್ಲಿ ತೂರಿ ಹೋದೆ. ಬೆಟ್ಟದ ಮೇಲಿನ ಸರ್ಕಾರಿ ಸೌಧದ ಬಗ್ಗೆ ರೂಬಿ ಹೇಳುತ್ತಿದ್ದರು. ಜೇನಿನ ಬಣ್ಣದ ಕಲ್ಲಿನ ಕಟ್ಟಡ, ಕೆಳಗೆ ಮೆಟ್ಟಿಲು ಮೆಟ್ಟಿಲಾದ ತೋಟ. ಕಪ್ಪು ಜನರ ನಾಯಕ ಮೊದಲ ಸಲ ಅಧ್ಯಕ್ಷನಾಗಿ ಪ್ರಮಾಣ ತೆಗೆದುಕೊಂಡ ದಿನ ಆ ಹುಲ್ಲಿನ ಮೇಲೆ ಜನಜಂಗುಳಿಯಲ್ಲಿ ರೂಬಿಯೂ ಇದ್ದರು. ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ನಡೆದರಂತೆ. ಇಂಚರಾ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ನನ್ನೆದುರು ಅವಳ ಬಾಯಿ ತೆರೆದದ್ದು ಆಕಳಿಕೆಗೆ ಮಾತ್ರ.

"ಅಷ್ಟು ಚೆಂದದ ಊರನ್ನು ಬಿಟ್ಟು ಇಲ್ಲಿಗೇಕೆ ಬಂದಿರಿ?" ಎಂದು ಕೇಳಿದೆ. ಚುಚ್ಚಬೇಕೆಂದೇ ಕೇಳಿದ್ದು. ರೂಬಿ "ಮಗ ಬಂದ, ಬಂದೆ" ಎಂದು ಪೆನ್ಸಿಲ್ ಕೈಗೆತ್ತಿಕೊಂಡರು. ಡ್ರಾಯಿಂಗ್ ಶೀಟಿನ ಮೇಲೆ ಇಂಚರಾಗೆಂದು ಪ್ರಿಟೋರಿಯಾದ ನಕ್ಷೆ ಬರೆಯತೊಡಗಿದರು. ಪುಸ್ತಕ ನೋಡಲಿಲ್ಲ, ಫೋನು ನೋಡಲಿಲ್ಲ. ನಾನು ಭಾರತದ ನಕ್ಷೆಯನ್ನು ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಬರೆಯುತ್ತೇನೆಂದು ಶಾಲೆಯಲ್ಲಿ ಹೆಸರಾದವಳು. ಆ ಹೆಂಗಸಿನ ಕೈ ನೋಡಿ ನನಗೆ ಕೂರಲಾಗಲಿಲ್ಲ.

ಬ್ರಿಸ್ಬೇನ್

ಅಕ್ಟೋಬರ್ ಮೊದಲ ವಾರ ಮೇಧಾಳಿಗೆ ಬ್ರಿಸ್ಬೇನಿನಲ್ಲಿ ಡಾಕ್ಟರುಗಳ ಸಮ್ಮೇಳನವಿತ್ತು. ಶಾಲೆಗೆ ರಜೆ. ಮೂವರೂ ಹೊರಟೆವು. ರೂಬಿ ಇಲ್ಲದ ಒಂದು ವಾರ! ವಿಮಾನ ಏರುವಾಗ ನನಗೆ ರೆಕ್ಕೆ ಬಂದಿತ್ತು. ಆದರೆ ಇಂಚರಾ ಆ ನಕ್ಷೆಯನ್ನು ಸುರುಳಿ ಸುತ್ತಿ ಕೊಳವೆಯಲ್ಲಿಟ್ಟು ಜೊತೆಗೇ ತಂದಿದ್ದಳು, ಅದನ್ನು ಹೊರುವ ಕೆಲಸ ನನ್ನ ಪಾಲಿಗೆ ಬಂತು.

ಬ್ರಿಸ್ಬೇನ್ ನನಗೆ ಹಿಡಿಸಿತು. ಪರ್ತಿನಲ್ಲಿ ಮಳೆ ಚಳಿಗಾಲಕ್ಕೆ, ಬೇಸಿಗೆ ಒಣಒಣ. ಇಲ್ಲಿ ನಮ್ಮ ಹಾಗೆ ಬೆವರುವ ಗಾಳಿ, ಬೇಸಿಗೆಗೆ ಮಳೆ. ಫೆರ್ರಿಯಲ್ಲಿ ಕುಳಿತು ನದಿಯ ತಿರುವುಗಳನ್ನು ನೋಡುತ್ತ, "ಪ್ರಿಟೋರಿಯಾನೂ ಬ್ರಿಸ್ಬೇನೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶ ಕಣೇ. ಅದಕ್ಕೇ ಎರಡ್ ಕಡೆನೂ ಬೇಸಿಗೇಲಿ ಗುಡುಗು" ಎಂದು ಇಂಚರಾಗೆ ಹೇಳಿದೆ. ಅವಳು ನೋಟ್‌ಬುಕ್ ತೆಗೆದು ಬರೆದುಕೊಂಡಳು! ರೂಬಿಗೆ ಇದು ಗೊತ್ತಿರಲಿಕ್ಕಿಲ್ಲ ಎಂದು ನಾನು ಸೆರಗು ಸರಿಮಾಡಿಕೊಂಡೆ.

ದಡದಲ್ಲಿಳಿದಾಗ ಪಾರ್ಕಿನ ತುಂಬ ಜಕರಂಡ ಮರಗಳು. ಪೂರ್ತಿ ಅರಳಿರಲಿಲ್ಲ, ಆದರೂ ನೆಲದ ಮೇಲೆ ನೇರಳೆ ಹೂ ಚೆಲ್ಲಿತ್ತು. ಬೆಂಗಳೂರಿನಲ್ಲೂ ಈ ಮರ ಬೇಕಾದಷ್ಟಿದೆ. ಅಲ್ಲಿ ಹೂ ಬರುವುದು ಪರೀಕ್ಷೆಗೆ ಮುಂಚಿನ ಬಿಸಿಲಿಗೆ. ಇಂಚರಾ ಒಂದು ಮರದ ಕೆಳಗೆ ಹೋಗಿ ಕಣ್ಣು ಮುಚ್ಚಿ, ಮುಖ ಮೇಲೆತ್ತಿ ನಿಂತುಬಿಟ್ಟಳು. ಏನೆಂದು ಕೇಳಿದರೆ, ತಲೆಯ ಮೇಲೆ ಹೂ ಬಿದ್ದರೆ ಪರೀಕ್ಷೆಯಲ್ಲಿ ಪಾಸು, ಪ್ರಿಟೋರಿಯಾದ ಮಕ್ಕಳೆಲ್ಲ ಹೀಗೇ ಮಾಡುವುದು, ಗ್ರ್ಯಾನಿ ರೂಬಿ ಹೇಳಿದ್ದಾರೆ ಎಂದಳು. ಹತ್ತು ನಿಮಿಷವಾದ ಮೇಲೆ ಒಂದು ಹೂ ಬಂದು ಅವಳ ಹಣೆಗೆ ತಗುಲಿತು. ಕುಣಿದಾಡಿದಳು.

ಪಕ್ಕದ ಹುಲ್ಲಿನ ಮೇಲೆ ಪುಸ್ತಕ ಹರಡಿಕೊಂಡಿದ್ದ ಕಾಲೇಜು ಹುಡುಗಿಯೊಬ್ಬಳು ನಕ್ಕು, "ಅಯ್ಯೋ, ಇಲ್ಲಿ ಹಾಗಲ್ಲ ಪುಟ್ಟಿ. ಬ್ರಿಸ್ಬೇನಿನಲ್ಲಿ ತಲೆಗೆ ಹೂ ಬಿದ್ದರೆ ಫೇಲು. ಇನ್ನೊಂದು ಹೂವನ್ನು ನೆಲ ಮುಟ್ಟುವ ಮುಂಚೆ ಹಿಡಿದರೆ ಮಾತ್ರ ಬಚಾವು" ಎಂದಳು.

ಇಂಚರಾಳ ಮುಖ ಸಪ್ಪೆಯಾಯಿತು. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. "ನೋಡು, ಒಬ್ಬೊಬ್ರು ಒಂದೊಂದ್ ಹೇಳ್ತಾರೆ. ಅದಕ್ಕೇ ಪುಸ್ತಕ ನೋಡ್ಬೇಕು ಅನ್ನೋದು. ಆ ಮರಾನೂ ಪ್ರಿಟೋರಿಯಾದ್ದಲ್ಲ, ದಕ್ಷಿಣ ಅಮೆರಿಕದಿಂದ ತಂದ್ ನೆಟ್ಟಿದ್ದು" ಎಂದೆ. ಮಗು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಸಂಜೆಯವರೆಗೂ ಎರಡೂ ಕೈ ಚಾಚಿಕೊಂಡು ಬೀಳುವ ಹೂ ಹಿಡಿಯಲು ಓಡಾಡಿತು. ಹಿಡಿದ ಹೂವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟುಕೊಂಡದ್ದು ಯಾರಿಗೆಂದು ನಾನು ಕೇಳಲಿಲ್ಲ.

ಮಾಸನ್ ಲೇಕ್ಸ್, ಅಡಿಲೇಡ್

ವಾಪಸು ಬರುವಾಗ ಅಡಿಲೇಡಿನಲ್ಲಿ ಎರಡು ದಿನ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ಪ್ರಶಾಂತನಿದ್ದಾನೆ. ಮಾಸನ್ ಲೇಕ್ಸಿನ ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಕೆರೆಯ ಎದುರಿಗೇ ಮನೆ. ಬಾಗಿಲಲ್ಲೇ ಕಾಲಿಗೆ ನಮಸ್ಕಾರ ಮಾಡಿದ. "ಮಿಸ್, ನಿಮ್ಮನ್ನ ನೋಡಿದ್ರೆ ಈಗ್ಲೂ ಕೈ ಬೆವರುತ್ತೆ. ನಾಳೆ ಆರ್ವೋ ಬಾರ್ಬಿ ಇಟ್ಕೊಂಡಿದೀನಿ, ಎಲ್ಲಾ ವೆಜ್ಜೇ, ಜೋಳ, ಅನಾನಸು" ಎಂದ. ಏನೇನೋ ಅಂದ, ನನಗೆ ಅರ್ಥವಾದದ್ದು ಜೋಳ ಮತ್ತು ಅನಾನಸು. ಆದರೆ ನನ್ನನ್ನು ಕಂಡು ಒಬ್ಬರಿಗಾದರೂ ಕೈ ಬೆವರುತ್ತದಲ್ಲ ಎಂದು ಬಹಳ ಸಮಾಧಾನವಾಯಿತು.

ಅಡಿಲೇಡನ್ನು ಭೂಗೋಳದ ಮೇಷ್ಟರಿಗಾಗಿಯೇ ಕಟ್ಟಿದ್ದಾರೆ. ಅಳತೆಪಟ್ಟಿ ಇಟ್ಟು ಎಳೆದ ಬೀದಿಗಳು, ಸುತ್ತ ಹಸಿರು ಬಯಲು, ಒಂದು ಬೀದಿಯಲ್ಲಿ ನಿಂತರೆ ಊರ ತುದಿ ಕಾಣುತ್ತದೆ. ಅದನ್ನು ನೋಡಿ ಬಂದ ಹುಮ್ಮಸ್ಸಿನಲ್ಲೇ ನನಗೆ ಆ ನಕ್ಷೆಯ ನೆನಪಾಯಿತು. ಮೇಧಾ ಇಂಚರಾಳನ್ನು ಕೆರೆಯ ಬಾತುಕೋಳಿ ನೋಡಲು ಕರೆದೊಯ್ದಿದ್ದಳು. ನಾನು ಕೊಳವೆಯಿಂದ ಹಾಳೆ ತೆಗೆದು ಮೇಜಿನ ಮೇಲೆ ಹಾಸಿದೆ.

ನಕ್ಷೆಯಲ್ಲಿ ಬೆಟ್ಟ ಇತ್ತು, ನದಿ ಇತ್ತು, ಊರ ನಡುವಿನ ಚರ್ಚಿನ ಚೌಕ, ಪೂರ್ವಕ್ಕೆ ಗುಡ್ಡದ ಮೇಲೆ ಸೌಧ, ಎಲ್ಲ ಇತ್ತು. ಅವೆಲ್ಲ ಬೆರಳುದ್ದ. ಹಾಳೆಯ ಅರ್ಧ ತುಂಬ ಒಂದೇ ಕೇರಿ: ಏಷಿಯಾಟಿಕ್ ಬಜಾರ್. ಒಂದೊಂದು ಓಣಿ, ಓಣಿಯಲ್ಲಿ ಒಂದೊಂದು ಮನೆ, ಮನೆಯೊಳಗೆ ಇರುವೆಯಂಥ ಅಕ್ಷರದಲ್ಲಿ ಹೆಸರು. ಬಳೆ ಅಂಗಡಿ, ಜಿಲೇಬಿಯವನು, ಮಸೀದಿ, ಗೋಪುರದ ಅಮ್ಮನ ಗುಡಿ, ಅಪ್ಪನ ಟೈಲರ್ ಅಂಗಡಿ, ಅದರ ಹಿಂದೆ ‘ನಾವು’.

"ಸ್ಕೇಲೇ ಇಲ್ವಲ್ಲೋ ಪ್ರಶಾಂತ. ಉತ್ತರ ದಿಕ್ಕಿನ ಗುರುತೂ ಇಲ್ಲ" ಎಂದೆ.

"ಚೆಕ್ ಮಾಡ್ಬಿಡೋಣ ಬನ್ನಿ ಮಿಸ್" ಎಂದು ಅವನು ಪ್ರಿಟೋರಿಯಾದ ನಕ್ಷೆಯನ್ನು ಗೋಡೆಯ ದೊಡ್ಡ ಟೀವಿಗೆ ಹಾಕಿದ. ನಾನು ಹಾಳೆಯಿಂದ ಓದಿದೆ, ಅವನು ಹುಡುಕಿದ. ಬೆಟ್ಟ, ನದಿ, ಚೌಕ ಎಲ್ಲ ಸರಿಯಾಗಿತ್ತು. ಬಜಾರಿಗೆ ಬಂದಾಗ ಲೆಕ್ಕ ತಪ್ಪಿತು. ಎಷ್ಟೋ ಓಣಿಗಳು ಸಿಗಲೇ ಇಲ್ಲ. ಉಪಗ್ರಹದ ಚಿತ್ರ ತಂದು ದೊಡ್ಡದು ಮಾಡಿದ. ಖಾಲಿ ನೆಲ, ವಾಹನ ನಿಲ್ಲುವ ಬಯಲು. ನಡುವೆ ಗುಡಿಯ ಗೋಪುರವೊಂದು ಮಾತ್ರ ನಿಂತಿತ್ತು. "ಗುಡಿ ಕರೆಕ್ಟು ಮಿಸ್, ಸುತ್ತ ಮನೇನೇ ಇಲ್ಲ. ವಯಸ್ಸಾಯ್ತಲ್ಲ ಅವರಿಗೆ, ಕನ್‌ಫ್ಯೂಸ್ ಆಗಿರ್ಬೇಕು" ಎಂದ.

ನನ್ನ ಕೈಚೀಲದಲ್ಲಿ ಸದಾ ಒಂದು ಕೆಂಪು ಪೆನ್ನು ಇರುತ್ತದೆ. ನಿವೃತ್ತಿಯಾದರೂ ಬಿಟ್ಟಿಲ್ಲ, ಮದುವೆ ಆಮಂತ್ರಣದಲ್ಲಿ ಕಾಗುಣಿತ ತಪ್ಪಿದ್ದರೂ ತಿದ್ದುವವಳು. ಒಂದೊಂದೇ ಓಣಿ ಹುಡುಕಿ, ಇಲ್ಲ ಎಂದು ಖಚಿತವಾದ ಮೇಲೆ ಅಡ್ಡಗೆರೆ ಹಾಕಿದೆ. ಒಂದೊಂದೇ ಮನೆಗೆ ಇಂಟು ಗುರುತು. ‘ನಾವು’ ಎಂಬುದಕ್ಕೂ ಹಾಕಿದೆ. ಕೆಳಗೆ, ಈ ಬೀದಿಗಳು ಅಸ್ತಿತ್ವದಲ್ಲಿಲ್ಲ ಎಂದು ಇಂಗ್ಲಿಷಿನಲ್ಲಿ ಷರಾ ಬರೆದು, ಕೈಗೆ ಬಂದ ಅಭ್ಯಾಸದಲ್ಲಿ ಹತ್ತಕ್ಕೆ ನಾಲ್ಕು ಅಂಕವನ್ನೂ ಕೊಟ್ಟೆ. ಬಹಳ ದಿನದಿಂದ ತುರಿಸುತ್ತಿದ್ದ ಜಾಗಕ್ಕೆ ಉಗುರು ಸಿಕ್ಕಿದಂತಾಯಿತು. ಆಮೇಲೆ ಹೊರಗೆ ಹೋಗಿ, ಅವನ ಬಾರ್ಬಿ ಒಲೆಯ ಮೇಲೆ ಸುಟ್ಟ ಎರಡು ಜೋಳ ತಿಂದೆ.

ಮತ್ತೆ ಮೋರ್ಲಿ

ಇಂಚರಾ ಕೊಳವೆ ಬಿಚ್ಚಿದ್ದು ಮೋರ್ಲಿಗೆ ಬಂದ ಮೇಲೆ, ನಕ್ಷೆಯನ್ನು ರಟ್ಟಿಗೆ ಅಂಟಿಸಲು. ನಾನು ಎದುರಿಗೇ ಕೂತಿದ್ದೆ. ಶಾಲೆಯಲ್ಲಿ ಎಲ್ಲರೆದುರು ತಪ್ಪು ನಕ್ಷೆ ತೋರಿಸಿ ಮುಖಭಂಗವಾಗುವುದು ತಪ್ಪಿತಲ್ಲ, ಅಜ್ಜಿಯನ್ನು ತಬ್ಬಿಕೊಂಡಾಳು ಎಂದು ನಾನು ನಿಜವಾಗಿ ನಂಬಿದ್ದೆ.

ಅವಳು ಹಾಳೆಯನ್ನೇ ನೋಡುತ್ತ ಕೂತಳು. "ಯೂ ರೂಯಿನ್ಡ್ ಇಟ್, ಅಜ್ಜಿ." ನಾನು ಟೀವಿ, ಉಪಗ್ರಹ ಎಂದು ಏನೋ ಹೇಳಹೊರಡುವುದರೊಳಗೆ ಹಾಳೆ ಎತ್ತಿಕೊಂಡು ಬೇಲಿಯ ಸಂದಿನಲ್ಲಿ ಮಾಯವಾದಳು. ಹಿಂದೆಯೇ ನಾನೂ ಓಡಿದೆ. ಸೆರಗು ತಗಡಿಗೆ ಸಿಕ್ಕಿ ಹರಿಯಿತು.

ರೂಬಿ ಹಿತ್ತಲ ಮೇಜಿನ ಮೇಲೆ ಹಾಳೆ ಹಾಸಿ, ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ಅವರ ಬೆರಳು ಒಂದು ಕೆಂಪು ಗುರುತಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಒಂದನ್ನೂ ಬಿಡಲಿಲ್ಲ. ಕೊನೆಗೆ ತಲೆಯೆತ್ತಿದರು.

"ಎಲ್ಲ ಸರಿಯಾಗಿ ಹೊಡೆದಿದ್ದೀರಿ ಟೀಚರ್. ಒಂದೂ ತಪ್ಪಿಲ್ಲ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವರೇ ಮುಂದುವರಿಸಿದರು.

"ಮೊದಲು ಕಾಗದ ಬಂತು. ಈ ಜಾಗ ಬಿಳಿ ಜನರ ಊರಿಗೆ ತೀರಾ ಹತ್ತಿರ, ಭಾರತದವರೆಲ್ಲ ಲಾಡಿಯಂ ಎಂಬ ಹೊಸ ಬಡಾವಣೆಗೆ ಹೋಗಬೇಕು ಅಂತ. ಕಪ್ಪು ಜನರನ್ನ ಅದಕ್ಕೂ ಮುಂಚೆಯೇ ಕಳಿಸಿದ್ದರು. ಆಮೇಲೆ ಲಾರಿ ಬಂತು. ನನಗೆ ಹದಿಮೂರು ವರ್ಷ. ಅಪ್ಪ ಬಟ್ಟೆ ಕತ್ತರಿಸುವ ಮೇಜು ಹೊಸ ಮನೆಯ ಬಾಗಿಲಲ್ಲಿ ತೂರಲಿಲ್ಲ. ಹೊರಗೇ ಬಿಟ್ಟರು, ಮಳೆಗೆ ನೆನೆದು ಹಾಳಾಯಿತು. ಮುಂದಿನ ತಿಂಗಳು ಗುಡಿಗೆಂದು ವಾಪಸು ಹೋದಾಗ ನಮ್ಮ ಓಣಿ ಇರಲಿಲ್ಲ. ಗುಡಿಯಿಂದ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕಿ ಅಪ್ಪ ನಮ್ಮ ಅಡುಗೆಮನೆ ಎಲ್ಲಿತ್ತು ಅಂತ ತೋರಿಸಿದರು."

ವರ್ಣಭೇದ ನೀತಿ ನನ್ನ ಪಾಠದಲ್ಲಿ ನಾಲ್ಕು ಅಂಕದ ಪ್ರಶ್ನೆ. ‘ಬಿಳಿಯರಲ್ಲದವರನ್ನು ಪ್ರತ್ಯೇಕ ವಸತಿ ಪ್ರದೇಶಗಳಿಗೆ ಸ್ಥಳಾಂತರಿಸಲಾಯಿತು’ ಎಂದು ವರ್ಷ ವರ್ಷವೂ ನೋಟ್ಸ್ ಬರೆಸಿದ್ದೇನೆ. ಅಡಿಗೆರೆ ಹಾಕಿಕೊಳ್ಳಿ, ಪರೀಕ್ಷೆಗೆ ಬರುತ್ತದೆ ಎಂದಿದ್ದೇನೆ. ಪ್ರಶಾಂತನೂ ಅದನ್ನು ಬರೆದು ನಾಲ್ಕಕ್ಕೆ ನಾಲ್ಕು ತೆಗೆದವನೇ. ಟೀವಿಯಲ್ಲಿ ಆ ಖಾಲಿ ನೆಲ ಕಣ್ಣೆದುರು ಬಿದ್ದಿದ್ದಾಗ ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ.

"ನನ್ನಿಂದ ತಪ್ಪಾಯಿತು" ಎಂದೆ. ರೂಬಿ ನನ್ನ ಹರಿದ ಸೆರಗು ನೋಡಿ, ಒಳಗೆ ಹೋಗಿ ಸೇಫ್ಟಿ ಪಿನ್ನು ತಂದುಕೊಟ್ಟರು. ಇಂಚರಾ ಅವರ ಕುರ್ಚಿಯ ತೋಳಿನ ಮೇಲೆ ಕೂತು ಅವರ ಕುತ್ತಿಗೆಗೆ ಕೈ ಹಾಕಿದ್ದಳು. ನನಗೆ ಸಾಯುವಷ್ಟು ನಾಚಿಕೆಯಾಗಿತ್ತು. ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಸುಳ್ಳೇಕೆ ಹೇಳಲಿ. ಈಗ ಅದಕ್ಕೆ ಆಡಿಕೊಳ್ಳಲು ಒಂದು ನೆಪವೂ ಉಳಿಯಲಿಲ್ಲ, ಅಷ್ಟೆ.

ಹೊಸ ಹಾಳೆಯಲ್ಲಿ ಬರೆಯೋಣವೆಂದು ನಾನೇ ಹೇಳಿದೆ. ರೂಬಿ ಬೇಡವೆಂದರು. ಇಂಚರಾ ನಕ್ಷೆಯ ಮೂಲೆಯಲ್ಲಿ ಸೂಚಿಯ ಚೌಕವೊಂದನ್ನು ಬರೆದಳು. ನೀಲಿ, ನದಿ. ಕಂದು, ಬೆಟ್ಟ. ಕೆಂಪು, ಕಿತ್ತುಕೊಂಡದ್ದು. ನನ್ನ ನಾಲ್ಕು ಅಂಕದ ಮೇಲೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಬ್ರಿಸ್ಬೇನಿನಿಂದ ತಂದ ಒಣಗಿದ ಹೂವನ್ನು ಅಂಟಿಸಿದಳು. ನನ್ನೊಡನೆ ಮೂರು ದಿನ ಮಾತಾಡಲಿಲ್ಲ. ಶಾಲೆಗೆ ಯಾರನ್ನು ಕರೆದೊಯ್ಯುತ್ತಾಳೆಂದು ಬೇರೆ ಹೇಳಬೇಕಾಗಿರಲಿಲ್ಲ.

ಶಾಲೆಯಲ್ಲಿ ಹೇಳುವ ದಿನ ಬೆಳಿಗ್ಗೆ ರೂಬಿ ಬೇಲಿಯ ಸಂದಿನಲ್ಲಿ ತಲೆ ಹಾಕಿದರು. ಕೈಯಲ್ಲಿ ಹಳೆಯ ಹಸಿರು ರೇಷ್ಮೆ ಸೀರೆ. "ಅಮ್ಮನದು. ಉಟ್ಟು ಎಷ್ಟೋ ವರ್ಷವಾಯಿತು, ನೆರಿಗೆ ನಿಲ್ಲುತ್ತಿಲ್ಲ. ಸ್ವಲ್ಪ ಉಡಿಸುತ್ತೀರಾ ಟೀಚರ್?"

ನಾನು ಹೋಗಬೇಕಾಗಿದ್ದ ಜಾಗಕ್ಕೆ ಹೋಗುವವಳಿಗೆ ನಾನೇ ಮೊಣಕಾಲೂರಿ ನೆರಿಗೆ ಹಿಡಿದೆ. ಸೀರೆಯನ್ನು ಬೇಕೆಂದೇ ನಾಲ್ಕು ಬೆರಳು ಮೇಲಕ್ಕೆ ಉಡಿಸಿದೆ. ಕಣಕಾಲು, ಸಾಕ್ಸು ಎಲ್ಲ ಕಾಣುವ ಹಾಗೆ. ರೂಬಿ ಕನ್ನಡಿ ನೋಡಿಕೊಳ್ಳದೆ "ಥ್ಯಾಂಕ್ಯೂ" ಎಂದು ಇಂಚರಾಳ ಕೈ ಹಿಡಿದು ಹೊರಟರು. ಕಾರಿನ ಬಾಗಿಲ ತನಕ ಹೋದರು. ನನ್ನಿಂದ ನೋಡಲಾಗಲಿಲ್ಲ. ಕೂಗಿ ಕರೆದು, ಅಂಗಳದಲ್ಲೇ ಮತ್ತೆ ಮೊಣಕಾಲೂರಿ, ನೆರಿಗೆ ಬಿಚ್ಚಿ ಪಾದ ಮುಚ್ಚುವ ಹಾಗೆ ಇಳಿಸಿ ಕಟ್ಟಿದೆ. ಇಂಚರಾ ನನ್ನ ಕೈಯನ್ನೇ ನೋಡುತ್ತಿದ್ದಳು.

ಅವರು ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಒಂದು ಬಿಳಿ ಹಾಳೆ ತೆಗೆದು ಮೈಸೂರಿನ ನಮ್ಮ ಬೀದಿಯನ್ನು ಬರೆಯಲು ಕೂತೆ. ರೂಬಿಗೆ ಬರುವುದು ನನಗೆ ಬಾರದೆ ಇರುತ್ತದೆಯೇ ಎಂಬ ಹಟ. ಸರಸ್ವತಿಪುರಂನಲ್ಲಿ ಅದೇ ಬೀದಿಯಲ್ಲಿ ಇಪ್ಪತ್ತಾರು ವರ್ಷವಿದ್ದೇನೆ. ಸ್ಕೇಲು ಹಾಕಿದೆ, ಉತ್ತರದ ಬಾಣ ಹಾಕಿದೆ, ಎರಡೂ ಬದಿಗೆ ಹನ್ನೆರಡು ಹನ್ನೆರಡು ಮನೆಯ ಚೌಕ ಬರೆದೆ. ಆಮೇಲೆ ಪೆನ್ಸಿಲು ನಿಂತಿತು. ಮೂಲೆಮನೆಯವರು. ನಾಯಿ ಸಾಕಿದವರು. ಎದುರಿಗೆ ಹಸಿರು ಗೇಟಿನವರು. ಹೆಸರು ಗೊತ್ತಿದ್ದದ್ದು ಐದು ಮನೆಗೆ, ಅದರಲ್ಲಿ ಎರಡು ಮನೆಯವರು ಊರು ಬಿಟ್ಟಿದ್ದರು. ಅದುವರೆಗೆ ಪಟ್ಟ ಹೊಟ್ಟೆಕಿಚ್ಚೆಲ್ಲ ಏನೂ ಅಲ್ಲ ಎನಿಸುವಂಥ ಹೊಟ್ಟೆಕಿಚ್ಚು ಆಗ ಹತ್ತಿಕೊಂಡಿತು.

ಇಂಚರಾ ಬಂದದ್ದು ತಿಳಿಯಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹಾಳೆಯ ಮೇಲೆ ಬಾಗಿದಳು. ಇದು ನಿನ್ನ ಬೀದಿಯಾ, ಈ ಹಸಿರು ಗೇಟಿನ ಮನೆಯಲ್ಲಿ ಯಾರಿದ್ದಾರೆ, ಅವರು ಏನು ಅಡುಗೆ ಮಾಡುತ್ತಾರೆ, ಅವರಿಗೆ ನನ್ನಷ್ಟು ದೊಡ್ಡ ಮಕ್ಕಳಿದ್ದಾರಾ ಎಂದು ಸಾಲಾಗಿ ಕೇಳಿದಳು. ಐದು ವಾರದಲ್ಲಿ ಮೊದಲ ಸಲ ಅವಳು ನನ್ನನ್ನು ಏನಾದರೂ ಕೇಳಿದ್ದು.

"ಗೊತ್ತಿಲ್ಲ ಕಣೇ. ಊರಿಗ್ ಹೋಗಿ ಕೇಳ್ಕೊಂಡು ಫೋನ್ ಮಾಡ್ತೀನಿ" ಎಂದೆ.

"ಪ್ರಾಮಿಸ್?" ಎಂದಳು.

ಮೈಸೂರು

ಬಂದ ಮಾರನೆಯ ಬೆಳಿಗ್ಗೆಯೇ ಹಾಳೆ, ಪೆನ್ಸಿಲು ಹಿಡಿದು ಎದುರುಮನೆಯ ಹಸಿರು ಗೇಟು ತಟ್ಟಿದೆ. ನನ್ನ ವಯಸ್ಸಿನ ಹೆಂಗಸೊಬ್ಬರು ಕೈ ಒರೆಸಿಕೊಳ್ಳುತ್ತ ಬಂದರು. ನನ್ನ ಕೈಯಲ್ಲಿನ ಹಾಳೆ ನೋಡಿದರು.

"ಗಣತಿಯವ್ರಾ? ನಮ್ಮನೇದು ಆಗೋಯ್ತಲ್ಲ."

"ಅಲ್ಲ, ಗಣತಿಗಲ್ಲ. ನಾನು ನಿಮ್ಮ ಎದುರುಮನೆಯವಳು" ಎಂದೆ.

ಅವರು ಗೇಟಿನ ಮೇಲಿಂದ ಕತ್ತು ಚಾಚಿ, ಎದುರಿಗೆ ಅಂಥದೊಂದು ಮನೆ ಇದೆಯೇ ಎಂದು ನೋಡಿದರು.